ಮದುಮಗಳು ಕೆಂಪು, ಬೀಗರು ಬೂದಿ

ಧಾರವಾಡದ ಮಗ್ಗುಲಿನ ಹೆಬ್ಬಳ್ಳಿಯಲ್ಲಾಗಲಿ, ಅದರ ಸುತ್ತಲಿನ ಊರುಗಳಲ್ಲಾಗಲಿ, 2005ರ ನಂತರದ ಏಳೆಂಟು ವರ್ಷಗಳಲ್ಲಿ ಮದುವೆ ಮಾಡಿದ ಮನೆಯವರನ್ನು ಆಲ್ಬಮ್ ತೋರಿಸಿ ಎಂದು ಕೇಳಿ ನೋಡಿ. ತಿಜೋರಿಯ ಮೇಲಿನಿಂದ ಸೂಟ್‌ಕೇಸಿನಂಥ ಒಂದು ಪೆಟ್ಟಿಗೆ ಇಳಿಯುತ್ತದೆ. ಅದರೊಳಗೆ ಎಳೆಗೂಸಿನಷ್ಟು ತೂಕದ ಒಂದು ಪುಸ್ತಕ. ಬಿಚ್ಚಿ ಹಾಸಿದರೆ ಹನ್ನೆರಡು ಇಂಚು ಎತ್ತರ, ಮೂವತ್ತಾರು ಇಂಚು ಅಗಲ. ಪುಟ ಮಗುಚುತ್ತ ಹೋದಂತೆ ಒಂದು ಕಡೆ ಬಣ್ಣವೆಲ್ಲ ಬತ್ತಿಹೋದ ಚಿತ್ರವೊಂದು ಎದುರಾಗುತ್ತದೆ. ಪೆಂಡಾಲು ಬೂದಿ, ಬಾಳೆಕಂಬ ಬೂದಿ, ಅಕ್ಕಿಕಾಳು ಹಾಕಲು ಕೈ ಎತ್ತಿದ ಬೀಗರೆಲ್ಲ ಬೂದಿ. ನಡುವೆ ಮದುಮಗಳ ಸೀರೆಯೊಂದೇ ಕೆಂಪಗೆ ಉರಿಯುತ್ತಿರುತ್ತದೆ. ಕೆಲವು ಚಿತ್ರಗಳಲ್ಲಿ ಸೀರೆಯೂ ಇಲ್ಲ, ಬರೀ ತುಟಿ. ಇನ್ನು ಕೆಲವದರಲ್ಲಿ ಕೈಯಲ್ಲಿನ ಗುಲಾಬಿ, ಇಲ್ಲವೇ ಮದರಂಗಿ.

ಸ್ಟುಡಿಯೊದವರು ಇದನ್ನು ‘ಸೆಲೆಕ್ಟಿವ್ ಕಲರ್’ ಎನ್ನುತ್ತಿದ್ದರು. ಗಿರಾಕಿಗಳಿಗೆ ಇದು ‘ಎಫೆಕ್ಟ್ ಹಾಕಿದ ಫೋಟೊ’. ಇಂದಿನ ಹೊಸ ಫೋಟೊಗ್ರಾಫರುಗಳ ಮುಂದೆ ಇದರ ಹೆಸರೆತ್ತಿದರೆ ಅವರು ನಗುತ್ತಾರೆ. ನಗುವುದು ಸುಲಭ. ಆದರೆ ಒಂದು ಕಾಲದ ಅಷ್ಟೊಂದು ಮನೆಗಳು ದುಡ್ಡು ಕೊಟ್ಟು ಒಪ್ಪಿಕೊಂಡ ಚಿತ್ರವನ್ನು ಕೀಳು ಅಭಿರುಚಿ ಎಂದು ಪಕ್ಕಕ್ಕಿಡುವ ಮೊದಲು ಅದು ಎಲ್ಲಿಂದ ಬಂತು, ಏನನ್ನು ಉಳಿಸಿತು, ಏನನ್ನು ಅಳಿಸಿತು ಎಂದು ನೋಡಬೇಕಲ್ಲವೇ? ಚಿತ್ರದ ಒಂದು ಭಾಗಕ್ಕಷ್ಟೇ ಬಣ್ಣ ಕೊಡುವ ರೂಢಿ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಅದು ಫೋಟೊಗ್ರಫಿಯಷ್ಟೇ ಹಳೆಯದು. ಹಿಂದೆ ಅದರ ಉದ್ದೇಶ ಬೇರೆಯಾಗಿತ್ತು, ಅಷ್ಟೇ.

ನಮ್ಮ ಭಾಗಕ್ಕೆ ಕ್ಯಾಮೆರಾ ಬಂದದ್ದು ಮದುವೆಗಾಗಿ ಅಲ್ಲ, ಕಲ್ಲಿಗಾಗಿ. 1855ರಲ್ಲಿ ಬಾಂಬೆ ಸರಕಾರ ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯನ್ನು ಫೋಟೊಗ್ರಾಫರನನ್ನಾಗಿ ನೇಮಿಸಿ ಬಿಜಾಪುರ, ಬಾದಾಮಿ, ಐಹೊಳೆಗಳ ಕಡೆ ಕಳಿಸಿತು. ಡಾಕ್ಟರ್ ಪಿಗೂ ಮತ್ತು ನೀಲ್ ಎಂಬವರೂ ಈ ಕೆಲಸ ಮಾಡಿದರು. ಮೂವರ ಚಿತ್ರಗಳೂ ಸೇರಿ 1866ರಲ್ಲಿ ಲಂಡನ್ನಿನಿಂದ ‘ಆರ್ಕಿಟೆಕ್ಚರ್ ಇನ್ ಧಾರ್‌ವಾರ್ ಆಂಡ್ ಮೈಸೂರ್’ ಎಂಬ ದೊಡ್ಡ ಪುಸ್ತಕವಾಗಿ ಹೊರಬಂದವು. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅದಕ್ಕೆ ಬರೆದರು. ಹೆಸರಿನಲ್ಲಿ ಧಾರವಾಡವಿದ್ದರೂ ಅಲ್ಲಿ ಧಾರವಾಡದ ಜನ ಮುಖ್ಯರಲ್ಲ, ಕಂಬ ಮತ್ತು ಗೋಪುರಗಳೇ ಮುಖ್ಯ. ಕಲ್ಲಿಗೆ ಬೂದಿ ಬಣ್ಣದಿಂದ ನಷ್ಟವೇನೂ ಇರಲಿಲ್ಲ. ನಷ್ಟ ಶುರುವಾದದ್ದು ಕ್ಯಾಮೆರಾದ ಮುಂದೆ ಮದುಮಗಳು ಬಂದು ಕುಳಿತಾಗ.

ಇದಕ್ಕೆ ಕಾರಣ ಫಿಲ್ಮಿನ ಸ್ವಭಾವ. ಮೊದಲ ಕಾಲದ ಗಾಜಿನ ಪ್ಲೇಟುಗಳಿಗೆ ನೀಲಿ ಮತ್ತು ನೇರಳೆ ಬೆಳಕನ್ನು ಬಿಟ್ಟರೆ ಹೆಚ್ಚಿನದೇನೂ ಕಾಣುತ್ತಿರಲಿಲ್ಲ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್, ಪ್ಲೇಟಿನ ಲೇಪಕ್ಕೆ ಕೆಲವು ಬಣ್ಣಗಳನ್ನು ಬೆರೆಸಿದರೆ ಅದಕ್ಕೆ ಹಸಿರು ಕೂಡ ಕಾಣುತ್ತದೆ ಎಂದು ಕಂಡುಹಿಡಿದ. ಹೀಗೆ ಬಂದ ‘ಆರ್ಥೊಕ್ರೊಮ್ಯಾಟಿಕ್’ ಪ್ಲೇಟಿಗೆ ಹಳದಿ ಹಸಿರುಗಳು ಕಂಡರೂ ಕೆಂಪು ಮಾತ್ರ ಕತ್ತಲೆಯೇ. ಸ್ಟುಡಿಯೊಗಳ ಕತ್ತಲ ಕೋಣೆಯಲ್ಲಿ ಕೆಂಪು ದೀಪ ಉರಿಸುತ್ತಿದ್ದುದು ಇದೇ ಕಾರಣಕ್ಕೆ: ಆ ಬೆಳಕು ಪ್ಲೇಟಿನ ಲೆಕ್ಕಕ್ಕೆ ಇರಲೇ ಇಲ್ಲ. ಕೆಂಪನ್ನೂ ಕಾಣುವ ‘ಪ್ಯಾಂಕ್ರೊಮ್ಯಾಟಿಕ್’ ಪ್ಲೇಟುಗಳು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದದ್ದು 1906ರಲ್ಲಿ.

ಇದನ್ನು ನಮ್ಮ ಮದುವೆಮನೆಗೆ ತಂದು ನೋಡಿ. ಅರಿಷಿಣ ಹಚ್ಚಿದ ಮುಖ ಮೊದಲ ಕಾಲದ ಪ್ಲೇಟಿನಲ್ಲಿ ಕಪ್ಪಾಗುತ್ತದೆ. ಹಣೆಯ ಕುಂಕುಮ ಮಸಿಯ ಬೊಟ್ಟಾಗುತ್ತದೆ. ಕೆಂಪು ಸೀರೆ ಸೂತಕದ ಬಟ್ಟೆಯಂತೆ ಕಾಣುತ್ತದೆ. ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಬಂದ ಮೇಲೂ ತೊಂದರೆ ಪೂರ್ತಿ ನೀಗಲಿಲ್ಲ. ಕೆಂಪು ಮತ್ತು ಹಸಿರು ಎರಡೂ ಅದರಲ್ಲಿ ಹೆಚ್ಚುಕಡಿಮೆ ಒಂದೇ ಬೂದಿಯಾಗಿಬಿಡುತ್ತಿದ್ದವು. ಹಸಿರು ಮೈಯ ಇಳಕಲ್ ಸೀರೆ, ಅದಕ್ಕೆ ಕೆಂಪು ಟೋಪ್‌ತೆನಿ ಸೆರಗು: ನೇಕಾರ ಅಷ್ಟು ಕಷ್ಟಪಟ್ಟು ಎರಡನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾನೆ, ಕ್ಯಾಮೆರಾ ಅದನ್ನು ಒಂದೇ ಬಟ್ಟೆ ಮಾಡಿಬಿಡುತ್ತದೆ. ಮದುವೆಯ ಹಸಿರು ಬಳೆಗೂ ನಿತ್ಯದ ಬಳೆಗೂ ವ್ಯತ್ಯಾಸವೇ ಉಳಿಯುವುದಿಲ್ಲ. ನಮ್ಮ ಮನೆಗಳ ಮದುವೆಗಳಲ್ಲಿ ದುಲ್ಹನಿನ ಸುರ್ಖ್ ಜೋಡಾ, ದೂಲ್ಹಾನ ಮುಖದ ಮೇಲೆ ಇಳಿಬಿಟ್ಟ ಗುಲಾಬಿ ಮಲ್ಲಿಗೆಯ ಸೆಹ್ರಾ, ಎಲ್ಲಕ್ಕೂ ಇದೇ ಗತಿ. ಕರಿಮಣಿಯ ಲಚ್ಛಾ ಒಂದು ಮಾತ್ರ ಇದ್ದದ್ದು ಇದ್ದಂತೆ ಬರುತ್ತಿತ್ತು.

ಹಾಗಾಗಿ ಬಣ್ಣ ಹಚ್ಚುವವನು ಬೇಕಾದ. ಇದು ನಾವು ಕಂಡುಹಿಡಿದದ್ದೇನೂ ಅಲ್ಲ. ಸ್ವಿಟ್ಜರ್‌ಲೆಂಡಿನ ಇಸೆನ್‌ರಿಂಗ್ ಎಂಬಾತ 1840ರ ದಶಕದ ಮೊದಲ ವರ್ಷಗಳಲ್ಲೇ, ಅಂದರೆ ಫೋಟೊಗ್ರಫಿ ಲೋಕಕ್ಕೆ ತಿಳಿದ ಹೊಸತರಲ್ಲೇ, ತಟ್ಟೆಯ ಮೇಲಿನ ಚಿತ್ರಗಳಿಗೆ ಬಣ್ಣದ ಪುಡಿ ಲೇಪಿಸುತ್ತಿದ್ದ. ಜಪಾನಿನ ಯೊಕೊಹಾಮಾದಲ್ಲಿ ಫೆಲಿಚೆ ಬಿಯಾಟೊನ ಸ್ಟುಡಿಯೊ 1860ರ ದಶಕದಲ್ಲಿ ಅಲ್ಲಿನ ಕಲಾವಿದರನ್ನು ಕೂರಿಸಿಕೊಂಡು ಇದನ್ನೇ ದೊಡ್ಡ ವ್ಯಾಪಾರ ಮಾಡಿತು. ಭಾರತದಲ್ಲಿ ಈ ಕೆಲಸ ಮೊದಲು ರಾಜಮಹಾರಾಜರ ಪಾಲಾಯಿತು. ಸಣ್ಣ ಚಿತ್ರಗಳನ್ನು ಬರೆದು ಪಳಗಿದ ಕೈಗಳು ಅರಮನೆಯ ಫೋಟೊಗಳ ಮೇಲೆ ಇಷ್ಟು ದಪ್ಪವಾಗಿ ಬಣ್ಣ ಬಳಿಯುತ್ತಿದ್ದವೆಂದರೆ ಕೆಲವು ಕಡೆ ಮುಖವೊಂದನ್ನು ಬಿಟ್ಟರೆ ಫೋಟೊ ಇದೆ ಎಂದೇ ಗೊತ್ತಾಗುವುದಿಲ್ಲ.

ಸಾಮಾನ್ಯರ ಸ್ಟುಡಿಯೊದಲ್ಲಿ ಅಷ್ಟು ಪುರುಸೊತ್ತೂ ಇರಲಿಲ್ಲ, ಗಿರಾಕಿಯ ಹತ್ತಿರ ಅಷ್ಟು ದುಡ್ಡೂ ಇರಲಿಲ್ಲ. ಸೆಪಿಯಾ ಮಾಡಿದ ಒಂದು ಮ್ಯಾಟ್ ಪ್ರಿಂಟು, ತುದಿಗೆ ಅರಳೆ ಸುತ್ತಿದ ಬೆಂಕಿಕಡ್ಡಿ, ಒಂದೆರಡು ಸಣ್ಣ ಕುಂಚ, ಫೋಟೊ ಕಲರಿನ ಪುಟ್ಟ ಶೀಶೆಗಳು. ಮುಂಬೈಯ ಕ್ಯಾಮ್ಲಿನ್‌ನವರ ಒಂಟೆ ಗುರುತಿನ ಪಾರದರ್ಶಕ ಫೋಟೊ ಬಣ್ಣಗಳನ್ನು ನನ್ನ ವಯಸ್ಸಿನ ಕೆಲವರಾದರೂ ನೋಡಿರಬಹುದು. ಪ್ರಿಂಟನ್ನು ತುಸು ತೇವ ಮಾಡಿದರೆ ಅದರ ಜೆಲಾಟಿನ್ ಉಬ್ಬಿ ಬಣ್ಣವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಮ್ಮೆ ಎಳೆದುಕೊಂಡದ್ದು ಸುಲಭಕ್ಕೆ ಬಿಡುವುದಿಲ್ಲ. ಆದ್ದರಿಂದ ತೆಳುವಾಗಿ ಶುರುಮಾಡಿ, ಕಾಗದ ಒತ್ತಿ ಹೀರಿಸಿ, ಮತ್ತೆ ಹಚ್ಚಬೇಕು. ಇಡೀ ಚಿತ್ರಕ್ಕೆ ಹಚ್ಚುತ್ತ ಕೂತರೆ ದಿನ ಸಾಲದು. ಕೆನ್ನೆಗೆ ಒಂದಿಷ್ಟು ಗುಲಾಬಿ, ತುಟಿಗೆ, ಬೊಟ್ಟಿಗೆ, ಸೀರೆಗೆ, ಬಳೆಗೆ, ಬಂಗಾರಕ್ಕೆ ಹಳದಿಯ ಚುಕ್ಕೆ. ಹಿಂದಿನ ಪರದೆಯ ಮೇಲಿನ ತೂಗುದೀಪ, ಮೆಟ್ಟಿಲು, ಮೂಲೆಯ ಹೂದಾನಿ ಎಲ್ಲ ಹಾಗೇ ಬೂದಿ. ಇದೂ ಆಯ್ದ ಬಣ್ಣವೇ. ಆದರೆ ಆಯ್ಕೆಯ ನ್ಯಾಯ ಬೇರೆ. ಕ್ಯಾಮೆರಾ ಕಳೆದದ್ದರಲ್ಲಿ ಮನೆಯವರಿಗೆ ಯಾವುದು ಬೇಕೋ ಅದನ್ನು ಕುಂಚ ಮರಳಿ ತರುತ್ತಿತ್ತು.

ಮರಳಿ ತರಬೇಕಾದರೆ ಅವನಿಗೆ ಗೊತ್ತಿರಬೇಕು. ಬೂದಿಯನ್ನು ನೋಡಿ ಸೀರೆ ಯಾವ ಬಣ್ಣದ್ದೆಂದು ಯಾರೂ ಹೇಳಲಾರರು. ಆದ್ದರಿಂದ ಕೇಳುತ್ತಿದ್ದರು. ನಾನು ನೋಡಿದ ಕೆಲವು ಹಳೆಯ ಪ್ರಿಂಟುಗಳ ಬೆನ್ನ ಮೇಲೆ ಪೆನ್ಸಿಲಿನ ಬರಹ ಇನ್ನೂ ಇದೆ: ‘ಸೀರಿ ಹಸರು, ದಡಿ ಕೆಂಪು, ಕುಬಸ ಖಣದ್ದು’. ಒಂದರ ಮೇಲೆ ಉರ್ದುವಿನಲ್ಲಿ ‘ದುಪಟ್ಟಾ ಪ್ಯಾಜಿ’ ಎಂದಿತ್ತು, ಉಳ್ಳಾಗಡ್ಡಿಯ ಸಿಪ್ಪೆಯ ಬಣ್ಣ. ಯಾರದೋ ಮದುವೆಯ ಬಟ್ಟೆಯ ವಿವರವನ್ನು ಇಷ್ಟು ಅಕ್ಕರೆಯಿಂದ ಬರೆದುಕೊಂಡ ಇನ್ನೊಂದು ದಾಖಲೆ ನನಗೆ ಗೊತ್ತಿಲ್ಲ. ಹಾಗೆಂದು ಬಣ್ಣ ಹಚ್ಚುವವರನ್ನು ಸಂತರನ್ನಾಗಿ ಮಾಡುವುದು ಬೇಡ. ಕಪ್ಪು ಹುಡುಗಿಯರ ಮೈಗೆ ಕೇಳದೆಯೇ ಗೋಧಿ ಬಣ್ಣ ಹಚ್ಚಿ ಕಳಿಸಿದ್ದೂ, ಕೊರಳಲ್ಲಿ ಇಲ್ಲದ ಸರ ಎಳೆದದ್ದೂ ಇದೇ ಕೈಗಳು.

ಇಲ್ಲಿ ನಮ್ಮ ಸಮುದಾಯದ ಒಂದು ಹಳೆಯ ತಕರಾರು ನೆನಪಾಗುತ್ತದೆ. ಫೋಟೊ ತೆಗೆಯುವುದು ಚಿತ್ರ ಬರೆದಂತೆಯೇ, ಅಲ್ಲವೇ? ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು, ಫೋಟೊ ಎಂದರೆ ನೆರಳನ್ನು ಹಿಡಿದಿಡುವುದು, ಕೈಯಿಂದ ರೂಪಿಸುವುದಲ್ಲ ಎಂದು ವಾದಿಸಿ ಅದಕ್ಕೆ ಅನುಮತಿ ಕೊಟ್ಟರು. ನಮ್ಮ ಉಪಖಂಡದ ಅನೇಕ ಉಲಮಾಗಳು ಒಪ್ಪಲಿಲ್ಲ. 1912ರಲ್ಲಿ ಕಲ್ಕತ್ತೆಯಿಂದ ಹೊರಟ ಮೌಲಾನಾ ಆಝಾದರ ‘ಅಲ್ ಹಿಲಾಲ್’ ಪತ್ರಿಕೆ ಮಾತ್ರ ಚಿತ್ರಗಳೊಂದಿಗೇ ಬರುತ್ತಿತ್ತು. ನೆರಳಿನ ವಾದ ನನಗೂ ಹಿಡಿಸುತ್ತದೆ. ಆದರೆ ಆ ನೆರಳಿನ ಮೇಲೆ ಅರಳೆ ಸುತ್ತಿದ ಕಡ್ಡಿಯಿಂದ ಗುಲಾಬಿ ಬಣ್ಣ ಹಚ್ಚಿದರೆ ಅದು ಮತ್ತೆ ಕೈಬರಹದ ಚಿತ್ರವಾಯಿತಲ್ಲ! ಈ ಪ್ರಶ್ನೆಯನ್ನು ಯಾವ ಸ್ಟುಡಿಯೊದಲ್ಲೂ ಯಾರೂ ಎತ್ತಿದಂತಿಲ್ಲ. ಮದುವೆಮನೆಯಲ್ಲಿ ಅಷ್ಟು ಸೂಕ್ಷ್ಮಕ್ಕೆ ಯಾರಿಗೆ ಪುರುಸೊತ್ತು.

ಬಣ್ಣದ ಫಿಲ್ಮ್ ಲೋಕಕ್ಕೆ ಬಂದದ್ದು 1935-36ರಲ್ಲೇ, ಕೊಡಾಕ್ರೋಮ್ ಮತ್ತು ಆಗ್ಫಾಕಲರ್ ಹೆಸರಿನಲ್ಲಿ. ನಮ್ಮ ಹಳ್ಳಿಯ ಮದುವೆಗೆ ಅದು ತಲುಪಲು ಅರ್ಧ ಶತಮಾನ ಹಿಡಿಯಿತು. ಆಮದಿನ ಮೇಲೆ ನಿರ್ಬಂಧವಿತ್ತು, ತೊಳೆಸಲು ದೊಡ್ಡ ಊರಿಗೆ ಕಳಿಸಬೇಕಿತ್ತು, ಬೆಲೆಯೂ ಹೆಚ್ಚು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರಕಾರಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಎಂಬ ಹೆಸರಿನಲ್ಲಿ ಕಪ್ಪುಬಿಳುಪು ಫಿಲ್ಮನ್ನು ಒದಗಿಸುತ್ತಿತ್ತು. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿತು. ಹೆಚ್ಚುಕಡಿಮೆ ಆ ದಶಕದಲ್ಲೇ ನಮ್ಮ ಮದುವೆಗಳೂ ತಿರುಗಿದವು. ಬಣ್ಣ ಹಚ್ಚುವವರ ಕೆಲಸ ಹೋಯಿತು. ವಿಚಿತ್ರವೆಂದರೆ, 1970-80ರ ಆಸುಪಾಸಿನ ಆ ಮೊದಲ ಕಲರ್ ಪ್ರಿಂಟುಗಳಲ್ಲಿ ಅನೇಕವು ಇಂದು ಕೆಂಪಡರಿ ಕುಳಿತಿವೆ. ಅವುಗಳ ನೀಲಿ ಬಣ್ಣ ಬೇಗ ಮಾಸುವ ಜಾತಿಯದು. ಟ್ರಂಕಿನಲ್ಲಿ ಬೆಳಕು ಕಾಣದೆ ಮಲಗಿದ ಅಜ್ಜಿಯ ಕೈಬಣ್ಣದ ಫೋಟೊ ಅವುಗಳಿಗಿಂತ ಚೆನ್ನಾಗಿದೆ.

ಎಲ್ಲೆಡೆ ಬಣ್ಣ ಸಿಕ್ಕಿದ ಮೇಲೆ ಅದನ್ನು ತೆಗೆಯುವ ಆಸೆ ಹೇಗೆ ಹುಟ್ಟಿತು? ಸಿನೆಮಾದ ಪಾಲು ಇದರಲ್ಲಿದೆ. 1960ರ ‘ಮುಘಲ್-ಎ-ಆಝಮ್’ನಲ್ಲಿ ಚಿತ್ರದ ಬಹುಭಾಗ ಕಪ್ಪುಬಿಳುಪು, ಶೀಶ್ ಮಹಲಿನ ಹಾಡಿಗೆ ಬಂದಾಗ ಟೆಕ್ನಿಕಲರ್ ತೆರೆದುಕೊಳ್ಳುತ್ತದೆ. ಅನಾರ್ಕಲಿ ಬಾದಶಹನ ಎದುರು ಪ್ರೀತಿಯನ್ನು ಸಾರುವ ಗಳಿಗೆಗೇ ಬಣ್ಣ. ಖರ್ಚಿನ ಒತ್ತಡವೂ ಅದರಲ್ಲಿತ್ತು, ಆದರೆ ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಖರ್ಚಲ್ಲ. 1993ರಲ್ಲಿ ಸ್ಪೀಲ್‌ಬರ್ಗ್ ‘ಶಿಂಡ್ಲರ್ಸ್ ಲಿಸ್ಟ್’ ಚಿತ್ರದಲ್ಲಿ ನಾಝಿಗಳ ಕಗ್ಗೊಲೆಯ ನಡುವೆ ನಡೆದುಹೋಗುವ ಪುಟ್ಟ ಹುಡುಗಿಯ ಕೋಟಿಗಷ್ಟೇ ಕೆಂಪು ಕೊಟ್ಟ. ಮುಂದೆ ಅದೇ ಕೋಟು ಹೆಣಗಳ ಬಂಡಿಯಲ್ಲಿ ಕಾಣಿಸುತ್ತದೆ. ಸಾವಿನ ಗುರುತಾಗಿ ಬಂದ ಆ ಕೆಂಪಿನ ತಂತ್ರವೇ ಹತ್ತು ವರ್ಷಗಳಲ್ಲಿ ನಮ್ಮ ಮದುವೆಯ ಅಲಂಕಾರವಾಯಿತು. ನಡುವೆ ಶುಭಾಶಯ ಪತ್ರಗಳ ಕೈವಾಡವೂ ಇತ್ತು. ಕಿಮ್ ಆಂಡರ್ಸನ್ ಎಂಬ ಹೆಸರಿನಲ್ಲಿ ಜರ್ಮನ್ ಫೋಟೊಗ್ರಾಫರನೊಬ್ಬ ಮಾಡಿದ, ದೊಡ್ಡವರ ಬಟ್ಟೆ ತೊಟ್ಟ ಮಕ್ಕಳ ಕಪ್ಪುಬಿಳುಪು ಚಿತ್ರಗಳಲ್ಲಿ ಗುಲಾಬಿಗಷ್ಟೇ ಬಣ್ಣವಿರುತ್ತಿತ್ತು.

ಸಾಧನ ಒದಗಿಸಿದ್ದು ಫೋಟೊಶಾಪ್. 1990ರಲ್ಲಿ ಬಂದ ಆ ತಂತ್ರಾಂಶಕ್ಕೆ 1994ರಲ್ಲಿ ಪದರಗಳು ಸೇರಿದವು. 1998ರಲ್ಲಿ ಹಿಂದಿನ ಸ್ಥಿತಿಯನ್ನು ಕುಂಚದಿಂದಲೇ ಮರಳಿ ತರುವ ಅನುಕೂಲ ಬಂತು. ಕೆಲಸ ಎಷ್ಟು ಸಲೀಸೆಂದರೆ: ಇಡೀ ಚಿತ್ರದ ಬಣ್ಣವನ್ನು ಒಂದೇ ಏಟಿಗೆ ತೆಗೆದುಹಾಕಿ, ಬೇಕಾದ ಕಡೆ ಮೌಸ್ ಎಳೆದರೆ ಅಲ್ಲಿ ಬಣ್ಣ ಹಿಂದಿರುಗುತ್ತದೆ. 2003-04ರ ಹೊತ್ತಿಗೆ ಕೈಗೆಟಕುವ ಬೆಲೆಯ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳು ಬಂದವು. ಹಿಂದೆಯೇ ‘ಕರಿಜ್ಮಾ’ ಎಂದು ಅಂಗಡಿಗಳಲ್ಲಿ ಹೆಸರಾದ, ಪುಟಪೂರ್ತಿ ಚಿತ್ರ ಮುದ್ರಿಸುವ ಆಲ್ಬಮ್ಮುಗಳು ಬಂದವು. ಅವುಗಳ ಪುಟಗಳಿಗೆ ಸಿದ್ಧ ವಿನ್ಯಾಸಗಳು ಡಿವಿಡಿಗಳಲ್ಲಿ ದೊರೆಯುತ್ತಿದ್ದವು: ತಾಜ್‌ಮಹಲು, ಹಂಸ, ಹಿಮದ ಬೆಟ್ಟ, ನಡುವೆ ಗಂಡುಹೆಣ್ಣಿನ ತಲೆ ಕೂರಿಸಲು ಜಾಗ. ಕ್ಯಾಮೆರಾ ಹಿಡಿದವನೇ ಆಲ್ಬಮ್ ಕೂರಿಸುತ್ತಾನೆಂದೂ ಇರಲಿಲ್ಲ. ಎಷ್ಟೋ ಸಲ ಅದು ಇನ್ಯಾವುದೋ ಊರಿನ ಡಿಸೈನರನ ಕೆಲಸ, ಪುಟಕ್ಕೆ ಇಷ್ಟು ಎಂದು ಕೂಲಿ. ಅವನಿಗೆ ಮದುಮಗಳು ಯಾರೆಂದು ಸೀರೆಯಿಂದ ಗೊತ್ತಾಗುತ್ತದೆ. ಉಳಿದವರು ಯಾರೆಂದು ಗೊತ್ತಾಗುವ ದಾರಿ ಇಲ್ಲ.

ನನ್ನ ತಕರಾರು ಇಲ್ಲಿದೆ. ಹಳೆಯ ಕುಂಚ ಇಲ್ಲದ ಬಣ್ಣವನ್ನು ಕೇಳಿ ತಿಳಿದು ತಂದಿತು. ಹೊಸ ಮೌಸ್ ಇದ್ದ ಬಣ್ಣವನ್ನು ಯಾರನ್ನೂ ಕೇಳದೆ ಒಯ್ದಿತು. ಹೆಬ್ಬಳ್ಳಿಯ ಒಂದು ಮನೆಯಲ್ಲಿ ಇಂಥ ಪುಟ ನೋಡಿದ ಮುದುಕಿಯೊಬ್ಬಳು, “ಇದೇನವಾ, ಎಲ್ಲಾರೂ ಬೂದಿ ಬಡಕೊಂಡು ನಿಂತಾಂಗ ಕಾಣ್ತಾರಲ್ಲ” ಅಂದಳಂತೆ. ಆ ದಿನ ಆಕೆ ತನ್ನ ಪಾಲಿನ ಒಳ್ಳೆಯ ಸೀರೆ ಉಟ್ಟಿದ್ದಳು. ಮೊಮ್ಮಗಳ ಮದುವೆಗೆಂದೇ ತೆಗೆದದ್ದು. ಹಾಗೆ ಉಟ್ಟು ನಿಂತ ಚಿಕ್ಕಮ್ಮಂದಿರು, ಖಾಲಾಗಳು, ಫೂಫಿಗಳು, ಆಯೇರು ಹಿಡಿದು ಬಂದ ಸೋದರಮಾವ, ಪಟಗಾ ಸುತ್ತಿದ ಮುತ್ಯಾ, ಇವರೆಲ್ಲ ಮದುವೆಯ ಹಿನ್ನೆಲೆಯಾದರು. ಬುರ್ಖಾ ತೊಟ್ಟು ಬಂದ ನಮ್ಮ ಹೆಂಗಸರಿಗೆ ಮಾತ್ರ ಈ ಎಫೆಕ್ಟು ಏನೂ ಮಾಡಲಾಗಲಿಲ್ಲವೆನ್ನಿ; ಅವರು ಮೊದಲೂ ಕಪ್ಪು, ಆಮೇಲೂ ಕಪ್ಪು.

ಇದನ್ನು ಬರೀ ಅಭಿರುಚಿಯ ಮಾತೆಂದು ಬಿಡಲಾಗದು. ಮೊಬೈಲಿನಲ್ಲಿ ಕ್ಯಾಮೆರಾ ಎಲ್ಲರ ಕೈಗೆ ಬರುವ ಮುಂಚೆ ರೈತಾಪಿ ಮತ್ತು ಕೂಲಿ ಮನೆಗಳಲ್ಲಿ ಹಿರಿಯರ ಮುಖ ಸಿಗುತ್ತಿದ್ದುದು ಎರಡೇ ಕಡೆ: ಸರಕಾರಿ ಚೀಟಿಗಳಲ್ಲಿ ಮತ್ತು ಮದುವೆಯ ಆಲ್ಬಮ್ಮಿನಲ್ಲಿ. ಮುದುಕಿ ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಫೋಟೊ ಬೇಕಾದರೆ ಆಲ್ಬಮ್ಮಿನ ಗುಂಪಿನಿಂದಲೇ ಆಕೆಯ ಮುಖ ಕತ್ತರಿಸಿ ದೊಡ್ಡದು ಮಾಡಿಸಬೇಕು. ಆ ಪುಟದಲ್ಲಿ ಆಕೆ ಬೂದಿಯಾಗಿದ್ದರೆ ಗೋಡೆಯ ಮೇಲೂ ಬೂದಿಯೇ. ಸ್ಟುಡಿಯೊಗೆ ಹೋಗಿ ಮೂಲ ಚಿತ್ರ ಕೇಳಿದರೆ, ಎಷ್ಟೋ ಕಡೆ ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯದನ್ನು ಅಳಿಸಿಬಿಟ್ಟಿರುತ್ತಾರೆ. ನೆಗೆಟಿವ್ ಆಗಿದ್ದರೆ ಕನಿಷ್ಠ ಡಬ್ಬಿಯಲ್ಲಾದರೂ ಬಿದ್ದಿರುತ್ತಿತ್ತು.

ಆದರೂ ಒಂದು ಬಗೆಯ ಚಿತ್ರವನ್ನು ನಾನು ಈ ತಕರಾರಿನಿಂದ ಹೊರಗಿಡುತ್ತೇನೆ. ಮದುಮಗಳ ಮುಖ ಹೊರಗಿನವರ ಕಣ್ಣಿಗೆ ಬೀಳಬಾರದು ಎನ್ನುವ ಮುಸ್ಲಿಮ್ ಮನೆಗಳಲ್ಲಿ ಕೈಗಳನ್ನಷ್ಟೇ ತೆಗೆಯುವ ರೂಢಿಯಿತ್ತು. ಮೊಣಕೈವರೆಗೆ ಮೆಹಂದಿ, ಗಾಜಿನ ಬಳೆ, ಒಂದರ ಮೇಲೊಂದು ಇಟ್ಟ ಅಂಗೈ. ಸುತ್ತಲಿನದೆಲ್ಲ ಬೂದಿ ಮಾಡಿ ಮೆಹಂದಿಯ ಕೆಂಪು ಉಳಿಸಿದಾಗ ಆ ಚಿತ್ರಕ್ಕೆ ಬೇರೆಯೇ ಒಂದು ಘನತೆ ಬರುತ್ತಿತ್ತು. ಅಲ್ಲಿ ಯಾರ ಬಣ್ಣವೂ ಕಸಿದಿಲ್ಲ. ಯಾವುದನ್ನು ತೋರಿಸಬೇಕು, ಯಾವುದು ಬೇಡ ಎಂಬುದನ್ನು ಮನೆಯವರೇ ಮೊದಲು ತೀರ್ಮಾನಿಸಿರುತ್ತಿದ್ದರು. ಎಷ್ಟು ಮನೆಗಳಲ್ಲಿ ಆ ತೀರ್ಮಾನದಲ್ಲಿ ಹುಡುಗಿಯ ಮಾತೂ ಸೇರಿತ್ತು ಎಂದು ಕೇಳಿದರೆ ಅದು ಬೇರೆಯೇ ಲೇಖನವಾದೀತು.

2011ರಲ್ಲಿ ನಿಕಾನ್ ತನ್ನ ಡಿ5100 ಕ್ಯಾಮೆರಾದ ಒಳಗೇ ಈ ಎಫೆಕ್ಟನ್ನು ಇಟ್ಟುಬಿಟ್ಟಿತು. 2018ರಲ್ಲಿ ಗೂಗಲ್ ಫೋಟೋಸ್ ಮನುಷ್ಯರನ್ನು ತಾನೇ ಗುರುತಿಸಿ ಹಿನ್ನೆಲೆಯನ್ನು ಬೂದಿ ಮಾಡಿಕೊಡತೊಡಗಿತು. ಯಾರು ಬೇಕಾದರೂ ಮಾಡಬಹುದಾದದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಆಲ್ಬಮ್ಮುಗಳಲ್ಲಿ ಅದು ಕಡಿಮೆಯಾಯಿತು. ಈಗ ಗಾಳಿ ಮತ್ತೆ ತಿರುಗಿದೆ, ಬೂದಿಗೆ ಬಣ್ಣ ತುಂಬುವ ಕಡೆಗೆ. 2004ರಲ್ಲಿ ‘ಮುಘಲ್-ಎ-ಆಝಮ್’ ಪೂರ್ತಿ ಬಣ್ಣದಲ್ಲಿ ಬಿಡುಗಡೆಯಾಯಿತು. ಕನ್ನಡದ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹೊತ್ತು ಬಂತು. ಈಗ ಮೊಬೈಲಿನಲ್ಲೇ ಅಜ್ಜಅಜ್ಜಿಯರ ಫೋಟೊಗಳಿಗೆ ಕ್ಷಣದಲ್ಲಿ ಬಣ್ಣ ಬರುತ್ತದೆ. ಎಫೆಕ್ಟಿನ ಆಲ್ಬಮ್ಮಿನಲ್ಲಿ ಬೂದಿಯಾದವರನ್ನೂ ಜನ ಹೀಗೇ ಬಣ್ಣಕ್ಕೆ ತರಿಸುತ್ತಿದ್ದಾರೆ. ಆಕಾಶ, ಎಲೆ, ಮನುಷ್ಯರ ಚರ್ಮ, ಇವು ಯಂತ್ರಕ್ಕೆ ಸುಮಾರಾಗಿ ಒಲಿಯುತ್ತವೆ. ಸೀರೆ ಒಲಿಯುವುದಿಲ್ಲ. ಅದು ಲಕ್ಷಾಂತರ ಚಿತ್ರಗಳನ್ನು ನೋಡಿ ಕಲಿತು ಊಹಿಸುತ್ತದೆ, ಹಸಿರಿಗೂ ಕೆಂಪಿಗೂ ಒಂದೇ ಬೂದಿ ಎಂಬ ಹಳೆಯ ತೊಡಕು ಹಾಗೆಯೇ ಇದೆ. ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದ ಚೀಟಿಯೂ ಇಲ್ಲ.

ಹಾಗಾಗಿ ಆ ಹಳೆಯ ಪ್ರಶ್ನೆಯನ್ನು ಈಗ ಮನೆಯವರೇ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದಾರೆ. ಇತ್ತೀಚೆಗೆ ಪರಿಚಯದ ಒಂದು ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ತೀರಿಕೊಂಡ ತಾಯಿಯ ಚಿತ್ರ ಬಂತು. ಯಂತ್ರ ಆಕೆಗೆ ನೀಲಿ ಸೀರೆ ಉಡಿಸಿತ್ತು. ಅವ್ವ ನೀಲಿ ಉಟ್ಟವಳೇ ಅಲ್ಲ ಎಂದು ಹಿರಿಯ ಮಗಳು ಬರೆದಳು. ಅದು ಗಿಣಿ ಹಸಿರು ಎಂದಳು ಎರಡನೆಯವಳು. ಗಿಣಿ ಹಸಿರು ಅಲ್ಲ, ನವಿಲಿನ ಬಣ್ಣ, ಇಳಕಲ್ಲಿನಿಂದ ನಾನೇ ತಂದುಕೊಟ್ಟದ್ದು ಎಂದ ಮಗ. ಸೊಸೆ, ಸೀರೆ ಇನ್ನೂ ಟ್ರಂಕಿನಲ್ಲಿದೆ, ಸಂಜೆ ತೆಗೆದು ನೋಡುತ್ತೇನೆ ಎಂದಳು.